ಕಾರ್ ಶೇರಿಂಗ್ ಮೇಲೆ ಪಿಎಚ್.ಡಿ.: ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಎಡವುತ್ತಾರೆ (ಮಂಗಳೂರು–ಉಡುಪಿ ಉದಾಹರಣೆಗಳೊಂದಿಗೆ)

ಮಂಗಳೂರು, ಸುರತ್ಕಲ್, ಮಣಿಪಾಲ ಕಡೆಯ ಸ್ಕಾಲರ್‌ಗಳು ತಮ್ಮ ಸಿನಾಪ್ಸಿಸ್ ಹಿಡಿದು ಬರುತ್ತಾರೆ. ವಿಷಯ: ನಗರದಲ್ಲಿ ಕಾರ್ ಶೇರಿಂಗ್ ವ್ಯವಸ್ಥೆಯ ಯೋಜನೆ, ಆಪ್ಟಿಮೈಸೇಶನ್ (ಸಾಧ್ಯವಿರುವುದರಲ್ಲಿ ಅತ್ಯುತ್ತಮವನ್ನು ಲೆಕ್ಕದಿಂದ ಹುಡುಕುವುದು). ಎರಡನೇ ಪುಟದಲ್ಲೇ ದೊಡ್ಡ ಸಮೀಕರಣ ಇರುತ್ತದೆ. ಆರನೇ ಪುಟದಲ್ಲಿ ಜೆನೆಟಿಕ್ ಅಲ್ಗಾರಿದಮ್. "ಬೆಳಿಗ್ಗೆ ಎಂಟಕ್ಕೆ ಕಂಕನಾಡಿಯಲ್ಲಿ ಎಷ್ಟು ಜನ ಕಾರು ಕೇಳುತ್ತಾರೆ ಅಂತ ಬರೆದಿದ್ದೀರಲ್ಲ, ಆ ಸಂಖ್ಯೆ ಎಲ್ಲಿಂದ ಬಂತು?" ಎಂದು ಕೇಳಿದರೆ ಉತ್ತರ ಇರುವುದಿಲ್ಲ.

ನಾನೂ ಹಾಗೇ ಮಾಡಿದವನು. ಹದಿನಾಲ್ಕು ತಿಂಗಳು ಕೋಡ್ ಬರೆದು, ಬೇಡಿಕೆಯ ಸಂಖ್ಯೆಗಳನ್ನು ಕಂಪ್ಯೂಟರಿನಿಂದಲೇ ಉದುರಿಸಿಕೊಂಡು, ಸಮಿತಿಯ ಮುಂದೆ ನಿಂತು ಬೆವತು, ಮತ್ತೆ ಮೊದಲಿನಿಂದ ಶುರು ಮಾಡಿದೆ. ಎಡವಟ್ಟಾದದ್ದು ಗಣಿತದಲ್ಲಿ ಅಲ್ಲ, ಕೆಲಸದ ಕ್ರಮದಲ್ಲಿ. ಅದಕ್ಕೇ ಇಲ್ಲಿ ಮಾಡೆಲ್ ಬರುವುದು ಆರನೇ ಹಂತದಲ್ಲಿ.

## ಕೈಯಲ್ಲಿ ಇರಬೇಕಾದದ್ದು

16 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಸಾಕು. ನಕ್ಷೆಗೆ ಕ್ಯೂಜಿಐಎಸ್, ರಸ್ತೆಯ ದತ್ತಾಂಶಕ್ಕೆ ಓಪನ್‌ಸ್ಟ್ರೀಟ್‌ಮ್ಯಾಪ್, ಕೋಡಿಗೆ ಪೈಥಾನ್. ಸಾಲ್ವರ್ (ಸಮೀಕರಣಗಳಿಗೆ ಅತ್ಯುತ್ತಮ ಉತ್ತರ ಹುಡುಕುವ ತಂತ್ರಾಂಶ) ಆಗಿ ಗುರೋಬಿ ಅಥವಾ ಸಿಪ್ಲೆಕ್ಸ್ ತೆಗೆದುಕೊಳ್ಳಬಹುದು. ಕಾಲೇಜಿನ ಐಡಿ ಇದ್ದರೆ ಎರಡಕ್ಕೂ ಉಚಿತ ಲೈಸೆನ್ಸ್ ಸಿಗುತ್ತದೆ. ಅದು ಬೇಡವಾದರೆ ಹೈಗ್ಸ್ ಎಂಬ ಮುಕ್ತ ಸಾಲ್ವರ್ ಇದೆ. ಜನ ಯಾವ ವಾಹನ ಆರಿಸುತ್ತಾರೆ ಎಂದು ಅಂದಾಜು ಮಾಡುವ ಆಯ್ಕೆಯ ಮಾಡೆಲ್‌ಗಳಿಗೆ ಬಯೋಜೀಮ್. ಸಿಮ್ಯುಲೇಶನ್‌ಗೆ (ಕಂಪ್ಯೂಟರಿನಲ್ಲೇ ಓಡಾಟ ನಡೆಸಿ ನೋಡಲು) ಸುಮೋ ಅಥವಾ ಮ್ಯಾಟ್‌ಸಿಮ್.

ಇನ್ನೊಂದು ವಸ್ತುವನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ: ಒಂದು ನೋಟ್‌ಬುಕ್, ಜೊತೆಗೆ ಸಿಟಿ ಬಸ್ಸಿಗೆ ಬೇಕಾದ ಚಿಲ್ಲರೆ. ಯಾಕೆ ಅಂತ ಮೂರನೇ ಹಂತದಲ್ಲಿ ಹೇಳುತ್ತೇನೆ.

## ಹಂತ 1: ಯಾವ ಬಗೆಯ ಕಾರ್ ಶೇರಿಂಗ್ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ

ಒಂದೇ ಕಾರಿನಲ್ಲಿ ನಾಲ್ಕು ಜನ ಕೂತು ಆಫೀಸಿಗೆ ಹೋಗುವುದು ಕಾರ್ ಪೂಲಿಂಗ್. ಅದು ಬೇರೆ ವಿಷಯ. ಕಾರ್ ಶೇರಿಂಗ್ ಅಂದರೆ ಒಂದು ಸಂಸ್ಥೆಯ ಕಾರುಗಳನ್ನು ಹಲವು ಸದಸ್ಯರು, ಬೇರೆ ಬೇರೆ ಹೊತ್ತಿನಲ್ಲಿ, ತಾವೇ ಓಡಿಸುವುದು. ಇವೆರಡನ್ನು ಬೆರೆಸಿ ಹಿಂದಿನ ಸಂಶೋಧನೆಗಳ ಅಧ್ಯಾಯ ಬರೆದವರನ್ನು ನೋಡಿದ್ದೇನೆ. ಅರ್ಧ ಅಧ್ಯಾಯ ಕಿತ್ತು ಹಾಕಬೇಕಾಯಿತು.

ಕಾರ್ ಶೇರಿಂಗ್‌ನಲ್ಲೂ ಮೂರು ಬಗೆ. ಎಲ್ಲಿ ತೆಗೆದುಕೊಂಡಿರೋ ಅಲ್ಲಿಗೇ ತಂದು ಬಿಡುವುದು ಒಂದು. ಒಂದು ನಿಲ್ದಾಣದಲ್ಲಿ ತೆಗೆದು ಇನ್ನೊಂದರಲ್ಲಿ ಬಿಡುವುದು ಎರಡನೆಯದು. ಗೊತ್ತು ಮಾಡಿದ ಗಡಿಯೊಳಗೆ ಎಲ್ಲಿ ಬೇಕಾದರೂ ನಿಲ್ಲಿಸಿ ಹೋಗುವುದು ಮೂರನೆಯದು. ಮೊದಲನೆಯದರಲ್ಲಿ ಕಾರು ತಾನಾಗಿ ಮನೆಗೆ ಬರುತ್ತದೆ, ಹಾಗಾಗಿ ಗಣಿತ ಸುಲಭ. ಎರಡು ಮತ್ತು ಮೂರರಲ್ಲಿ ಕಾರುಗಳು ಒಂದು ಕಡೆ ರಾಶಿ ಬೀಳುತ್ತವೆ, ಇನ್ನೊಂದು ಕಡೆ ಖಾಲಿ. ಅವನ್ನು ಮತ್ತೆ ಜಾಗಕ್ಕೆ ತರುವ ಕೆಲಸವೇ ಈ ಕ್ಷೇತ್ರದ ಅರ್ಧಕ್ಕಿಂತ ಜಾಸ್ತಿ ತಲೆನೋವು.

ಹಂಪನಕಟ್ಟೆಯಂಥ ಜಾಗದಲ್ಲಿ ಸ್ವಂತ ಕಾರು ನಿಲ್ಲಿಸಲಿಕ್ಕೇ ಜಾಗ ಇಲ್ಲ. ಅಲ್ಲಿ ಮೂರನೇ ಬಗೆಯನ್ನು ಊಹಿಸುವವರು ರಸ್ತೆ ಬದಿ ಎಷ್ಟು ಜಾಗ ಉಳಿಯುತ್ತದೆ ಅಂತ ಸಂಜೆ ಆರಕ್ಕೆ ಒಮ್ಮೆ ನಡೆದು ನೋಡಬೇಕು. ನನ್ನ ಮಟ್ಟಿಗೆ ಇಲ್ಲಿ ಎರಡನೇ ಬಗೆಯೇ ಸಂಶೋಧನೆಗೆ ತಕ್ಕುದು.

ಕಾನೂನನ್ನೂ ಇದೇ ಹಂತದಲ್ಲಿ ಓದಿ. ಸ್ವಯಂ ಚಾಲನೆಗೆ ಬಾಡಿಗೆ ಕೊಡುವ ಕಾರಿಗೆ ಕಪ್ಪು ಪ್ಲೇಟು, ಹಳದಿ ಅಕ್ಷರ. 1989ರ ರೆಂಟ್-ಎ-ಕ್ಯಾಬ್ ಯೋಜನೆಯಡಿ ಪರವಾನಗಿ ಬೇಕೆಂದರೆ ಸಂಸ್ಥೆಯ ಬಳಿ ಕನಿಷ್ಠ 50 ಕ್ಯಾಬ್ ಇರಬೇಕು. ನಿಮ್ಮ ಮಾಡೆಲ್ "18 ಕಾರು ಸಾಕು" ಅಂದರೆ ಆ ಸಂಸ್ಥೆಗೆ ಪರವಾನಗಿಯೇ ಸಿಗುವುದಿಲ್ಲ. ಬೇರೆ ಊರಲ್ಲೂ ಕಾರು ಇರುವ ಸಂಸ್ಥೆ ಎಂದು ಊಹಿಸಿದ್ದರೆ ಅದನ್ನು ಬಾಯಿಬಿಟ್ಟು ಬರೆಯಿರಿ.

## ಹಂತ 2: ನಿರ್ಧಾರವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

"ಕಾರ್ ಶೇರಿಂಗ್ ಅನ್ನು ಆಪ್ಟಿಮೈಸ್ ಮಾಡುತ್ತೇನೆ" ಅನ್ನುವುದು ಪ್ರಶ್ನೆಯಲ್ಲ. ಹೀಗೆ ಬರೆಯಿರಿ: "ಮಂಗಳೂರಿನಲ್ಲಿ 15 ನಿಲ್ದಾಣಗಳನ್ನು ಎಲ್ಲಿ ಇಡಬೇಕು, ಪ್ರತಿಯೊಂದರಲ್ಲಿ ಎಷ್ಟು ಪಾರ್ಕಿಂಗ್ ಜಾಗ ಬೇಕು, ಯಾರ ಲಾಭಕ್ಕೆ?"

ಕೊನೆಯ ಎರಡು ಪದ ಮುಖ್ಯ. ಸಂಸ್ಥೆಯ ಲಾಭ ಹೆಚ್ಚಿಸುವ ನಿಲ್ದಾಣಗಳು ಕದ್ರಿ, ಬೆಂದೂರ್‌ವೆಲ್, ವಿಮಾನ ನಿಲ್ದಾಣ ಅಂತ ಓಡುತ್ತವೆ. ಬಸ್ ಕಮ್ಮಿ ಇರುವ ಕಡೆಗೆ ಸೌಲಭ್ಯ ಕೊಡಬೇಕು ಅಂದರೆ ನಕ್ಷೆಯೇ ಬೇರೆ. ಎರಡೂ ಸರಿಯೇ. ಆದರೆ ಯಾವುದು ಅಂತ ಹೇಳದೆ ಮುಂದೆ ಹೋಗಬೇಡಿ.

ನಿರ್ಧಾರಗಳಿಗೆ ಆಯಸ್ಸು ಇರುತ್ತದೆ. ನಿಲ್ದಾಣ ಎಲ್ಲಿ ಎಂಬುದು ವರ್ಷಗಟ್ಟಲೆ ಉಳಿಯುತ್ತದೆ. ಎಷ್ಟು ಕಾರು ಎಂಬುದು ತಿಂಗಳುಗಟ್ಟಲೆ. ಯಾವ ಕಾರನ್ನು ಈಗ ಎಲ್ಲಿಗೆ ಸಾಗಿಸಬೇಕು ಎಂಬುದು ಗಂಟೆಗಳ ಮಾತು. ಮೂರನ್ನೂ ಒಂದೇ ಮಾಡೆಲ್‌ನಲ್ಲಿ ತುರುಕುವುದು ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಒಂದೊಂದಕ್ಕೆ ಒಂದೊಂದು ಅಧ್ಯಾಯ ಕೊಡಿ. ಮೇಲಿನದರ ಉತ್ತರ ಕೆಳಗಿನದಕ್ಕೆ ಆಧಾರವಾಗಲಿ.

## ಹಂತ 3: ನಕ್ಷೆ ತಯಾರಿಸಿ, ಆಮೇಲೆ ಅದರ ಮೇಲೆ ನಂಬಿಕೆ ಇಡಬೇಡಿ

ಮಂಗಳೂರು ಮಹಾನಗರಪಾಲಿಕೆಯಲ್ಲಿ 60 ವಾರ್ಡ್ ಇವೆ. ವಲಯಗಳಿಗೆ ಅವನ್ನೇ ಬಳಸುವ ಆಸೆ ಆಗುತ್ತದೆ. ಆದರೆ ದಿನಾ ನಗರಕ್ಕೆ ಬಂದು ಹೋಗುವ ದೇರಳಕಟ್ಟೆ, ಕೊಣಾಜೆ, ತೊಕ್ಕೊಟ್ಟು ಆ ಗಡಿಯ ಆಚೆ ಇವೆ. ಜನ ಓಡಾಡುವ ಗಡಿಯನ್ನು ತೆಗೆದುಕೊಳ್ಳಿ, ಮತ ಹಾಕುವ ಗಡಿಯನ್ನಲ್ಲ. ಉಡುಪಿಯಲ್ಲಿ ಈ ತೊಂದರೆ ಕಮ್ಮಿ. ಮಣಿಪಾಲ ನಗರಸಭೆಯ ಒಳಗೇ ಬರುತ್ತದೆ.

ನೇರ ಗೆರೆಯ ದೂರ ಬಳಸಿದರೆ ಇಲ್ಲಿ ಪೂರ್ತಿ ಕೆಟ್ಟಿತು ಅಂತಲೇ ಲೆಕ್ಕ. ಸುಲ್ತಾನ್ ಬತ್ತೇರಿಯಲ್ಲಿ ನಿಂತರೆ ತಣ್ಣೀರುಬಾವಿ ಎದುರಿಗೇ ಕಾಣುತ್ತದೆ, ದೋಣಿಯಲ್ಲಿ ಕೆಲವೇ ನಿಮಿಷ. ಕಾರಿನಲ್ಲಾದರೆ ಕೂಳೂರು ಸೇತುವೆ ದಾಟಿ ಸುತ್ತು ಹೊಡೆದು ಬರಬೇಕು. ನೇತ್ರಾವತಿ, ಫಲ್ಗುಣಿ ಎರಡೂ ನಗರವನ್ನು ಹಾಗೆ ಕತ್ತರಿಸಿ ಇಟ್ಟಿವೆ. ರಸ್ತೆ ಜಾಲದ ಮೇಲೆ ಅತಿ ಕಡಿಮೆ ಸಮಯದ ದಾರಿಯನ್ನೇ ಲೆಕ್ಕ ಹಾಕಿ, ಅದನ್ನೂ ಹೊತ್ತು ಹೊತ್ತಿಗೆ ಬೇರೆ ಬೇರೆ. ನಂತೂರಿನಲ್ಲಿ ಮಧ್ಯಾಹ್ನ ಎರಡಕ್ಕೂ ಸಂಜೆ ಆರಕ್ಕೂ ಇರುವ ವ್ಯತ್ಯಾಸ ಸಿಗ್ನಲ್ಲಿನಲ್ಲಿ ಕಾದವರಿಗೆ ಗೊತ್ತು.

ಬಸ್ಸಿನ ಚಿಲ್ಲರೆ ಬೇಕಾಗುವುದು ಇಲ್ಲಿ. ನಕ್ಷೆಯಲ್ಲಿ ಏಕಮುಖ ರಸ್ತೆ ಎಂದು ಗುರುತಿಸಿದ್ದು ಈಗಲೂ ಹಾಗೇ ಇದೆಯೇ, ಹೊಸ ತಿರುವು ಮುಚ್ಚಿದ್ದಾರೆಯೇ ಅಂತ ಮುಖ್ಯ ಮಾರ್ಗಗಳಲ್ಲಿ ಒಮ್ಮೆ ಕೂತು ಹೋಗಿ, ಸಮಯ ಬರೆದುಕೊಳ್ಳಿ. ಹತ್ತು ಟ್ರಿಪ್‌ನ ಸಮಯ ಕೈಯಲ್ಲಿದ್ದರೆ ಸಾಫ್ಟ್‌ವೇರ್ ಕೊಟ್ಟದ್ದನ್ನು ತಾಳೆ ನೋಡಬಹುದು. ಬಸ್ ನಿಂತು ನಿಂತು ಹೋಗುತ್ತದೆ ಅಂತ ಆ ನಿಲುಗಡೆಯ ಸಮಯ ಕಳೆಯಲು ಮರೆಯಬೇಡಿ.

ಹೆಸರುಗಳದ್ದು ಇನ್ನೊಂದು ಗೋಳು. ಇಲ್ಲಿ "ಸ್ಟೇಟ್‌ಬ್ಯಾಂಕ್" ಅಂದರೆ ಬಸ್ ನಿಲ್ದಾಣ. ವಿಳಾಸ ಹುಡುಕುವ ತಂತ್ರಾಂಶ ಅದನ್ನು ಯಾವುದೋ ಬ್ಯಾಂಕ್ ಶಾಖೆಗೆ ಅಂಟಿಸುತ್ತದೆ. ಜ್ಯೋತಿ, ಪಿವಿಎಸ್, ಕೆಪಿಟಿ ಎಂದು ಕರೆಯುವ ಸರ್ಕಲ್ಲುಗಳಿಗೆಲ್ಲ ಇದೇ ಕಥೆ. ಇಂಥ ನೂರು ಹೆಸರುಗಳ ಒಂದು ಕೋಷ್ಟಕವನ್ನು ಕೈಯಲ್ಲೇ ಮಾಡಿಕೊಳ್ಳಿ. ಎರಡು ದಿನದ ಕೆಲಸ, ಎರಡು ತಿಂಗಳ ಗೊಂದಲ ತಪ್ಪುತ್ತದೆ.

## ಹಂತ 4: ಬೇಡಿಕೆ

ಇಲ್ಲಿ ನಿಧಾನ ಮಾಡಿ. ಪಿಎಚ್.ಡಿ. ನಿಲ್ಲುವುದೂ ಬೀಳುವುದೂ ಇಲ್ಲೇ.

ಮೊದಲ ಮಾತು: ನಡೆದ ಟ್ರಿಪ್ಪುಗಳು ಬೇರೆ, ಬೇಡಿಕೆ ಬೇರೆ. ಒಬ್ಬರು ಬೆಳಿಗ್ಗೆ ಆ್ಯಪ್ ತೆರೆದರು, ಹತ್ತಿರದಲ್ಲಿ ಕಾರ್ ಇಜ್ಜಿ (ಇಲ್ಲ). ರಿಕ್ಷಾ ಹಿಡಿದು ಹೋದರು. ಆ ಬೇಡಿಕೆ ಯಾವ ದಾಖಲೆಯಲ್ಲೂ ಇಲ್ಲ. ಹಾಗಾಗಿ ಎಲ್ಲೋ ಇನ್ನೊಂದು ನಗರದ ಟ್ರಿಪ್ ದತ್ತಾಂಶ ಸಿಕ್ಕಿತು ಅಂತ ಅದನ್ನೇ ಬೇಡಿಕೆ ಎಂದು ಹಾಕಿದರೆ, ಕಾರು ಮೊದಲೇ ಜಾಸ್ತಿ ಇದ್ದ ಕಡೆಗೇ ಮಾಡೆಲ್ ಇನ್ನಷ್ಟು ಕಾರು ಕೊಡುತ್ತದೆ. ಖಾಲಿ ಇದ್ದ ಜಾಗ ಖಾಲಿಯೇ ಉಳಿಯುತ್ತದೆ. ಅಂಥ ದತ್ತಾಂಶ ಬಳಸುವುದಾದರೆ ಆ್ಯಪ್ ತೆರೆದು ಹುಡುಕಿದ ದಾಖಲೆಯನ್ನೂ ಕೇಳಿ. ಅದು ಸಿಗದಿದ್ದರೆ ನಿಲ್ದಾಣದಲ್ಲಿ ಕಾರು ಇದ್ದ ಹೊತ್ತನ್ನು ಮಾತ್ರ ಎಣಿಸಿ, ಗಂಟೆಗೆ ಎಷ್ಟು ಬುಕಿಂಗ್ ಎಂದು ಲೆಕ್ಕ ತೆಗೆಯಿರಿ.

ಇನ್ನೂ ಬಾರದ ಸೇವೆಗೆ ಸಮೀಕ್ಷೆಯೇ ದಾರಿ. ಜನರ ಮುಂದೆ ಆಯ್ಕೆಯ ಚೀಟಿ ಇಡಬೇಕು: ಈ ಪ್ರಯಾಣಕ್ಕೆ ಬಸ್ಸಿಗೆ ಇಷ್ಟು ಹಣ, ಇಷ್ಟು ಹೊತ್ತು, ರಿಕ್ಷಾಕ್ಕೆ ಇಷ್ಟು, ಹಂಚಿಕೆಯ ಕಾರಿಗೆ ಇಷ್ಟು ಹಣ, ಇಷ್ಟು ಮೀಟರ್ ನಡಿಗೆ. ನೀವು ಯಾವುದರಲ್ಲಿ ಹೋಗುತ್ತೀರಿ? ಇದರಿಂದ ಒಂದೊಂದು ಆಯ್ಕೆಯ ಸಂಭವನೀಯತೆ ಹೇಳುವ ಲಾಜಿಟ್ ಮಾಡೆಲ್ ಕಟ್ಟುತ್ತೇವೆ. ಪಟ್ಟಿಯಲ್ಲಿ ಸ್ವಂತ ಸ್ಕೂಟರ್ ಇರಲೇಬೇಕು. ಹೊರಗಿನ ಪ್ರಬಂಧದಿಂದ ಪ್ರಶ್ನಾವಳಿ ನಕಲು ಮಾಡಿದವರು ಕಾರು, ಬಸ್ಸು, ಸೈಕಲ್ ಅಂತ ಬರೆದು ಬಿಡುತ್ತಾರೆ. ನಮ್ಮ ಊರಿನ ನಿಜವಾದ ಎದುರಾಳಿ ದ್ವಿಚಕ್ರ ವಾಹನ, ಅಲ್ವಾ?

ಸಾದಾ ಲಾಜಿಟ್‌ಗೆ ಒಂದು ದೋಷ ಇದೆ. ಹೊಸ ಆಯ್ಕೆ ಬಂದರೆ ಅದು ಹಳೆಯ ಎಲ್ಲದರಿಂದಲೂ ಒಂದೇ ಪ್ರಮಾಣದಲ್ಲಿ ಜನರನ್ನು ಎಳೆಯುತ್ತದೆ ಎಂದು ಅದು ನಂಬುತ್ತದೆ. ಹಂಚಿಕೆಯ ಕಾರು ರಿಕ್ಷಾ, ಟ್ಯಾಕ್ಸಿಗಳಿಂದ ಎಳೆಯುವಷ್ಟು ಜನರನ್ನು ಬಸ್ ಪಾಸ್ ಇರುವವರಿಂದ ಎಳೆಯುವುದಿಲ್ಲ. ಅದಕ್ಕೆ ಹತ್ತಿರದ ಆಯ್ಕೆಗಳನ್ನು ಒಂದು ಗುಂಪಿನಲ್ಲಿಡುವ ನೆಸ್ಟೆಡ್ ಅಥವಾ ಜನರಿಂದ ಜನರಿಗಿರುವ ವ್ಯತ್ಯಾಸವನ್ನು ಲೆಕ್ಕಕ್ಕೆ ತರುವ ಮಿಕ್ಸ್‌ಡ್ ಲಾಜಿಟ್ ಬೇಕು. ವೈವಾದಲ್ಲಿ ಈ ಪ್ರಶ್ನೆ ಬರುತ್ತದೆ ಎಂದೇ ಇಟ್ಟುಕೊಳ್ಳಿ.

ಸಮೀಕ್ಷೆಯ ಕ್ರಮ ಹೀಗಿರಲಿ. ಮೊದಲು ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ. ಮಾಹಿತಿ ಸಂಗ್ರಹಿಸಿದ ಮೇಲೆ ಒಪ್ಪಿಗೆ ಕೇಳಿದರೆ ಆ ಮಾಹಿತಿ ಕಸದ ಬುಟ್ಟಿಗೆ. ಮನೆಯ ವಿಳಾಸ, ಫೋನ್ ನಂಬರ್, ಜಿಪಿಎಸ್ ದಾರಿ ಇವೆಲ್ಲ ವೈಯಕ್ತಿಕ ದತ್ತಾಂಶ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಒಮ್ಮೆ ಓದಿ. ಆಮೇಲೆ ಮೂವತ್ತು ಜನರ ಮೇಲೆ ಪ್ರಾಯೋಗಿಕ ಸುತ್ತು. ಯಾವ ಪ್ರಶ್ನೆಗೆ ಜನ ಮುಖ ಮುಖ ನೋಡುತ್ತಾರೋ ಅದನ್ನು ತಿದ್ದಿ. ಆಮೇಲೆ ಮಾತ್ರ ಪೂರ್ತಿ ಸಮೀಕ್ಷೆ.

ಪ್ರಶ್ನಾವಳಿ ಕನ್ನಡದಲ್ಲಿದ್ದರೂ ಕೇಳುವುದು ತುಳುವಿನಲ್ಲಿ ಆಗಬೇಕಾಗುತ್ತದೆ. ಕೊಂಕಣಿ, ಬ್ಯಾರಿ ಮನೆಗಳಿಗೆ ಆ ಭಾಷೆ ಬಲ್ಲವರು ಹೋದರೆ ಉತ್ತರ ಉದ್ದ ಬರುತ್ತದೆ. ಎಲ್ಲ ಭಾಷೆಯಲ್ಲೂ ಪ್ರಶ್ನೆಯ ಅರ್ಥ ಒಂದೇ ಇರಲಿ ಅಂತ ಕೇಳುವವರನ್ನೆಲ್ಲ ಒಂದು ದಿನ ಕೂರಿಸಿ ತಾಲೀಮು ಮಾಡಿಸಿ.

ದೊಡ್ಡ ತಪ್ಪು ಯಾವುದು ಗೊತ್ತಾ? ಗೂಗಲ್ ಫಾರ್ಮ್ ಮಾಡಿ ಹಾಸ್ಟೆಲಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು. ಒಂದೇ ರಾತ್ರಿಯಲ್ಲಿ ನಾನೂರು ಉತ್ತರ ಬರುತ್ತವೆ, ಎಲ್ಲರೂ ಇಪ್ಪತ್ತೆರಡು ವರ್ಷದವರು. ಮಣಿಪಾಲದ ವಿದ್ಯಾರ್ಥಿಯ ಓಡಾಟದಿಂದ ಬಂದರಿನ ಮೀನು ವ್ಯಾಪಾರಿಯ, ಬೈಕಂಪಾಡಿಯ ಕಾರ್ಖಾನೆ ನೌಕರನ ಓಡಾಟ ಊಹಿಸಲು ಆಗುವುದಿಲ್ಲ. ಜನಗಣತಿಯ ವಯಸ್ಸು, ಲಿಂಗದ ಪ್ರಮಾಣಕ್ಕೆ ಸರಿಯಾಗಿ ತೂಕ ಕೊಟ್ಟು ಸರಿ ಮಾಡಬಹುದು, ನಿಜ. ಆದರೆ ಮಾದರಿಯಲ್ಲಿ ಒಬ್ಬರೂ ಇಲ್ಲದ ಗುಂಪಿಗೆ ಯಾವ ತೂಕ ಕೊಡುತ್ತೀರಿ?

ಇನ್ನೊಂದು ಎಚ್ಚರ. "ಹೌದು, ಬಳಸುತ್ತೇನೆ" ಎಂದು ಬಾಯಲ್ಲಿ ಹೇಳುವವರು ಕಾರು ಬಂದಾಗ ಅಷ್ಟು ಬಳಸುವುದಿಲ್ಲ. ಎದುರಿಗೆ ಕೂತ ಹುಡುಗ-ಹುಡುಗಿಗೆ ಬೇಸರ ಮಾಡಬಾರದು ಅಂತಲೂ ಹೌದು ಅನ್ನುತ್ತಾರೆ. ಇದೇ ಜನರು ಈಗ ನಿಜವಾಗಿ ಹೇಗೆ ಓಡಾಡುತ್ತಿದ್ದಾರೆ ಎಂಬ ದತ್ತಾಂಶವನ್ನೂ ತೆಗೆದುಕೊಂಡು, ಎರಡನ್ನೂ ಸೇರಿಸಿ ಮಾಡೆಲ್ ಸರಿಹೊಂದಿಸಿ.

ಸಮಯ: ಜುಲೈ ಮಳೆಯಲ್ಲಿ 500 ಮೀಟರ್ ನಡೆಯಲು ಒಪ್ಪದವರು ಡಿಸೆಂಬರಿನಲ್ಲಿ ಒಪ್ಪುತ್ತಾರೆ. ಒಂದು ಸುತ್ತು ಮಳೆಗಾಲದಲ್ಲಿ, ಇನ್ನೊಂದು ನವೆಂಬರ್‌ನಿಂದ ಫೆಬ್ರವರಿಯ ಒಳಗೆ. ಏಪ್ರಿಲ್–ಮೇ ಬೇಡ, ರಜೆ ಮತ್ತು ಮದುವೆಗಳ ನಡುವೆ ಯಾವ ದಿನವೂ ಮಾಮೂಲಿ ದಿನ ಆಗಿರುವುದಿಲ್ಲ.

## ಹಂತ 5: ಕಂಪ್ಯೂಟರ್ ಮುಚ್ಚಿ, ಕಾಗದದ ಮೇಲೆ ಲೆಕ್ಕ ಹಾಕಿ

ಲಿಟಲ್‌ನ ನಿಯಮ ಸರಳ: ಒಂದೇ ಹೊತ್ತಿಗೆ ಬಳಕೆಯಲ್ಲಿರುವ ಕಾರುಗಳು ಎಷ್ಟು ಎಂದರೆ ಗಂಟೆಗೆ ಬರುವ ಬುಕಿಂಗ್ ಗುಣಿಸು ಒಂದೊಂದು ಬುಕಿಂಗ್‌ನ ಸರಾಸರಿ ಗಂಟೆ. ಗಂಟೆಗೆ 20 ಬುಕಿಂಗ್, ಒಂದೊಂದು ಒಂದೂವರೆ ಗಂಟೆ ಅನ್ನೋಣ. 30 ಕಾರು ರಸ್ತೆಯಲ್ಲಿ. ಅದೇ 20 ಜನ ಧರ್ಮಸ್ಥಳಕ್ಕೆ ಹೋಗಿ ಬರಲು ಆರು ಗಂಟೆ ಇಟ್ಟುಕೊಂಡರೆ 120 ಕಾರು. ಬಾಡಿಗೆಯ ದರ ಗಂಟೆಯ ಲೆಕ್ಕದಲ್ಲೋ ದಿನದ ಲೆಕ್ಕದಲ್ಲೋ ಎಂಬುದು ಕಾರುಗಳ ಸಂಖ್ಯೆಯನ್ನು ಎಷ್ಟು ಬದಲಿಸುತ್ತದೆ ನೋಡಿ.

ಒಂದು ಕಡೆಗೇ ವಾಲುವುದನ್ನೂ ಹೀಗೇ ನೋಡಿ. ಬೆಳಿಗ್ಗೆ ಎರಡು ಗಂಟೆಯಲ್ಲಿ ನಗರದಿಂದ ಬೈಕಂಪಾಡಿಗೆ 24 ಕಾರು ಹೋಗಿ, 6 ವಾಪಸ್ ಬಂದರೆ ಅಲ್ಲಿ 18 ಹೆಚ್ಚುವರಿ. ಅಲ್ಲಿ ಹತ್ತೇ ಜಾಗ ಇದ್ದರೆ ಕೊನೆಯ ಎಂಟು ಜನ ಕಾರು ಬಿಡಲಿಕ್ಕೇ ಆಗದೆ ಸುತ್ತುತ್ತಾರೆ.

ಈ ಪುಟವನ್ನು ಎತ್ತಿಡಿ. ನಾಳೆ ಸಾಲ್ವರ್ 9 ಕಾರು ಸಾಕು ಅಂದರೆ, ಅಥವಾ 300 ಬೇಕು ಅಂದರೆ, ತಪ್ಪು ಕೋಡಿನಲ್ಲಿದೆ ಎಂದು ತಕ್ಷಣ ತಿಳಿಯುತ್ತದೆ.

## ಹಂತ 6: ಈಗ ಮಾಡೆಲ್

ಮೂರು ನಿಲ್ದಾಣ, ಐದು ಕಾರು, ನಾಲ್ಕು ಕಾಲಾವಧಿ. ಇಷ್ಟರಿಂದಲೇ ಶುರು ಮಾಡಿ. ಉತ್ತರವನ್ನು ಕೈಯಲ್ಲಿ ಬಿಡಿಸಿ ತಾಳೆ ನೋಡಬಹುದಾದಷ್ಟು ಚಿಕ್ಕದು. ಪ್ರತಿ ನಿಲ್ದಾಣದಲ್ಲಿ ಪ್ರತಿ ಹೊತ್ತಿಗೂ ಒಳಗೆ ಬಂದ ಕಾರು, ಹೊರಗೆ ಹೋದ ಕಾರು, ನಿಂತೇ ಇದ್ದ ಕಾರು ಸರಿಹೋಗಬೇಕು. ಕಾರು ಮಾಯವಾಗುವುದು, ಇಲ್ಲವೇ ಹುಟ್ಟಿಕೊಳ್ಳುವುದು ಕಂಡರೆ ಸಮಯದ ಸೂಚ್ಯಂಕದಲ್ಲಿ ಒಂದು ಹೆಚ್ಚುಕಮ್ಮಿ ಆಗಿರುತ್ತದೆ.

ದೊಡ್ಡದು ಮಾಡುವ ಮೊದಲು ಎಣಿಸಿ. 40 ನಿಲ್ದಾಣ, 15 ನಿಮಿಷದ ಅವಧಿ ಎಂದರೆ ದಿನಕ್ಕೆ 96 ಅವಧಿ. ಎಲ್ಲಿಂದ, ಎಲ್ಲಿಗೆ, ಯಾವ ಅವಧಿಯಲ್ಲಿ ಎಂಬ ಒಂದೊಂದಕ್ಕೂ ಒಂದು ಚರಾಂಶ ಅಂದರೆ 40 × 40 × 96 = 1,53,600. ಅದನ್ನೇ 100 ವಲಯಕ್ಕೆ ಏರಿಸಿದರೆ 9,60,000. ಅವಧಿಯನ್ನು 30 ನಿಮಿಷ ಮಾಡಿದರೆ ಅರ್ಧ ಇಳಿಯುತ್ತದೆ, ಆದರೆ ಹತ್ತು ನಿಮಿಷದ ಪ್ರಯಾಣವೂ ಅರ್ಧ ಗಂಟೆಯಾಗಿ ಬಿಡುತ್ತದೆ.

ಎಲ್ಲ ಚರಾಂಶವನ್ನೂ ಪೂರ್ಣಾಂಕ ಮಾಡಬೇಡಿ. ಒಂದೇ ಬಗೆಯ ಕಾರು, ಬರೀ ಹರಿವಿನ ಸಮೀಕರಣ ಇದ್ದಾಗ ಉತ್ತರ ತಾನಾಗಿ ಪೂರ್ಣಾಂಕದಲ್ಲೇ ಸಿಗುತ್ತದೆ. ಸಾಗಿಸುವ ಸಿಬ್ಬಂದಿ, ಬ್ಯಾಟರಿ ಚಾರ್ಜ್ ಇಂಥವು ಸೇರಿದ ಕೂಡಲೇ ಆ ಗುಣ ಹೋಗುತ್ತದೆ.

ಸಿಬ್ಬಂದಿ ಅಂದಾಗ ನೆನಪಾಯಿತು. ಸುರತ್ಕಲ್‌ನಲ್ಲಿ ರಾಶಿ ಬಿದ್ದ ಕಾರನ್ನು ಪಂಪ್‌ವೆಲ್‌ಗೆ ತಂದವನು ಮುಂದಿನ ಕಾರಿಗೆ ವಾಪಸ್ ಹೇಗೆ ಹೋಗುತ್ತಾನೆ? ನೋಡಿದ ಕರಡುಗಳಲ್ಲಿ ಹೆಚ್ಚಿನವು ಅವನನ್ನು ಹಾರಿಸಿಕೊಂಡು ಹೋಗುತ್ತವೆ. ನಮ್ಮಲ್ಲಿ ಅವನು ಬಸ್ಸಿನಲ್ಲಿ ಹೋಗುತ್ತಾನೆ. ಆ ಸಮಯವನ್ನೂ ಟಿಕೆಟನ್ನೂ ಮಾಡೆಲ್‌ಗೆ ಸೇರಿಸಿ. ರಾತ್ರಿ ಬಸ್ ನಿಂತ ಮೇಲೆ ಏನು ಎಂಬುದನ್ನೂ. ಇಷ್ಟು ಸೇರಿಸಿದರೆ ಸಾಗಣೆಯ "ಲಾಭ" ಎಷ್ಟೋ ಸಲ ಕರಗಿ ಹೋಗುತ್ತದೆ, ಅದೇ ನಿಮ್ಮ ಒಳ್ಳೆಯ ಅಧ್ಯಾಯ ಆಗಬಹುದು.

ಸಾಲ್ವರ್ ತೋರಿಸುವ ಗ್ಯಾಪ್ ನೋಡದೆ "ಅತ್ಯುತ್ತಮ ಉತ್ತರ" ಎಂದು ಬರೆಯಬೇಡಿ. ಕೈಗೆ ಸಿಕ್ಕ ಉತ್ತರಕ್ಕೂ ಸಿಗಬಹುದಾದ ಅತ್ಯುತ್ತಮಕ್ಕೂ ಹೆಚ್ಚೆಂದರೆ ಎಷ್ಟು ಅಂತರ ಎಂದು ಅದು ಹೇಳುತ್ತದೆ. ಶೇ. 1 ಇದ್ದರೆ ಸರಿ. ಶೇ. 35ರಲ್ಲಿ ಎರಡು ದಿನ ನಿಂತಿದ್ದರೆ ಸೂತ್ರೀಕರಣ ಬದಲಿಸಿ, ಇನ್ನೂ ದೊಡ್ಡ ಕಂಪ್ಯೂಟರ್ ಕೇಳಬೇಡಿ. ಹ್ಯೂರಿಸ್ಟಿಕ್ (ಅತ್ಯುತ್ತಮ ಎಂಬ ಖಾತರಿ ಇಲ್ಲದೆ ಬೇಗ ಉತ್ತರ ಕೊಡುವ ವಿಧಾನ) ಬಳಸುವವರು ಚಿಕ್ಕ ಉದಾಹರಣೆಗಳಲ್ಲಿ ನಿಖರ ಉತ್ತರದ ಜೊತೆ ಹೋಲಿಸಲೇಬೇಕು. ಇರುವೆ, ಜೇನು, ತೋಳ ಅಂತ ಪ್ರಾಣಿಯ ಹೆಸರಿಟ್ಟ ಮಾತ್ರಕ್ಕೆ ಅಲ್ಗಾರಿದಮ್ ಹೊಸದಾಗುವುದಿಲ್ಲ.

## ಹಂತ 7: ಸಿಮ್ಯುಲೇಶನ್‌ನಲ್ಲಿ ಕಣ್ಣು ಕಟ್ಟಿ ಓಡಿಸಿ

ಆಪ್ಟಿಮೈಸೇಶನ್‌ಗೆ ಸಂಜೆ ಐದಕ್ಕೆ ಯಾರು ಬರುತ್ತಾರೆ ಎಂದು ಬೆಳಿಗ್ಗೆಯೇ ಗೊತ್ತಿರುತ್ತದೆ. ನಿಜವಾದ ಸಂಸ್ಥೆಗೆ ಗೊತ್ತಿರುವುದಿಲ್ಲ. ಹಾಗಾಗಿ ಬಂದ ಯೋಜನೆಯನ್ನು, ಅದು ನೋಡಿರದ ದಿನಗಳ ಮೇಲೆ ಓಡಿಸಿ. ಯಾವ ದತ್ತಾಂಶದಿಂದ ಕಟ್ಟಿದಿರೋ ಅದರಿಂದಲೇ ಪರೀಕ್ಷೆ ಮಾಡುವುದು ತಾನೇ ಪ್ರಶ್ನೆಪತ್ರಿಕೆ ಬರೆದು ತಾನೇ ಉತ್ತರಿಸಿದ ಹಾಗೆ.

ಒಂದು ಸಲ ಓಡಿಸಿ ಬಂದ ಸಂಖ್ಯೆಗೆ ಬೆಲೆ ಇಲ್ಲ. ಮೂವತ್ತು ಸಲ ಓಡಿಸಿ. ಕಾರು ಸಿಗದೆ ಹೋದವರ ಶೇಕಡಾವಾರು ಸಲದಿಂದ ಸಲಕ್ಕೆ 6 ಅಂಶ (ಸ್ಟ್ಯಾಂಡರ್ಡ್ ಡೀವಿಯೇಶನ್) ಹೊಯ್ದಾಡಿದರೆ, ಸರಾಸರಿಯ ಆಚೀಚೆ ಸುಮಾರು 2.2 ಅಂಶದ ಅನಿಶ್ಚಿತತೆ ಉಳಿಯುತ್ತದೆ. ಎರಡು ಯೋಜನೆಗಳ ನಡುವೆ 1.5 ಅಂಶದ ವ್ಯತ್ಯಾಸ ಬಂತು ಅಂತ ಕುಣಿಯುವಂತಿಲ್ಲ. ಎರಡಕ್ಕೂ ಅದೇ ಗ್ರಾಹಕರ ಸಾಲನ್ನು, ಅದೇ ರ‍್ಯಾಂಡಮ್ ಸೀಡ್‌ನಿಂದ (ಯಾದೃಚ್ಛಿಕ ಸಂಖ್ಯೆಗಳ ಸಾಲು ಶುರುವಾಗುವ ಸಂಖ್ಯೆ) ಕೊಟ್ಟು, ಜೋಡಿ ಜೋಡಿಯಾಗಿ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ.

ವಿಶೇಷ ದಿನಗಳನ್ನು ಬೇರೆಯಾಗಿ ಓಡಿಸಿ. ಕುದ್ರೋಳಿ ದಸರಾ ಮೆರವಣಿಗೆಯ ರಾತ್ರಿ ನಗರದ ಅರ್ಧ ರಸ್ತೆ ಕಾರಿಗೆ ಸಿಗುವುದಿಲ್ಲ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರ ಕೃಷ್ಣಮಠದ ಪರ್ಯಾಯ ಉತ್ಸವ. ಇವನ್ನು ಸರಾಸರಿಯಲ್ಲಿ ಸೇರಿಸಿದರೆ ಎಲ್ಲ ದಿನವೂ ಸ್ವಲ್ಪ ಸ್ವಲ್ಪ ಸುಳ್ಳಾಗುತ್ತದೆ.

## ಹಂತ 8: ಹೋಲಿಕೆ

ನಿಮ್ಮ ವಿಧಾನವನ್ನು ಏನೂ ಮಾಡದಿರುವುದರ ಜೊತೆ ಹೋಲಿಸಿ. ಆಮೇಲೆ ಸುಮ್ನೆ ಒಂದು ನಿಯಮದ ಜೊತೆ: "ರಾತ್ರಿ ಹನ್ನೊಂದಕ್ಕೆ ಎಲ್ಲ ನಿಲ್ದಾಣವನ್ನೂ ಮತ್ತೆ ಸಮ ಮಾಡು." ಈ ಹಳೇ ನಿಯಮವೇ ಗೆದ್ದರೆ ಅದನ್ನೂ ಬರೆಯಿರಿ. ಬೇಡಿಕೆ, ಇಂಧನ, ಪಾರ್ಕಿಂಗ್ ಶುಲ್ಕ ಒಂದೊಂದನ್ನೂ ಶೇ. 20 ಏರಿಸಿ, ಇಳಿಸಿ ನೋಡಿ. ಪ್ಯಾರಿಸ್‌ನ ಕಾರ್ ಶೇರಿಂಗ್ ಸೇವೆ ಆಟೋಲಿಬ್ 2011ರಲ್ಲಿ ಶುರುವಾಗಿ, ಸಾವಿರಾರು ವಿದ್ಯುತ್ ಕಾರು ಓಡಿಸಿ, ನಷ್ಟದ ಜಗಳದಲ್ಲಿ 2018ರಲ್ಲಿ ನಿಂತಿತು. ಬೇಡಿಕೆ ಅಂದುಕೊಂಡದ್ದಕ್ಕಿಂತ ಕಮ್ಮಿಯಾದರೆ ನಿಮ್ಮ ವ್ಯವಸ್ಥೆ ಎಷ್ಟು ದಿನ ಉಸಿರಾಡುತ್ತದೆ ಎಂಬ ಒಂದು ಕೋಷ್ಟಕ ಇರಲಿ.

## ಹಂತ 9: ಕಾಲದ ಲೆಕ್ಕ

ಯುಜಿಸಿಯ 2022ರ ನಿಯಮದಲ್ಲಿ ಪಿಎಚ್.ಡಿ.ಗೆ ಕೋರ್ಸ್‌ವರ್ಕ್ ಸೇರಿ ಕನಿಷ್ಠ ಮೂರು, ಗರಿಷ್ಠ ಆರು ವರ್ಷ. ನಿಮ್ಮ ಸಂಸ್ಥೆಯದೇ ಬೇರೆ ನಿಯಮ ಇದ್ದರೆ ಅದನ್ನು ನೋಡಿ. ನನ್ನ ಸಲಹೆ: ಮೊದಲ ವರ್ಷ ಹಂತ 1ರಿಂದ 3, ಎರಡನೇ ವರ್ಷ ಪೂರ್ತಿ ಬೇಡಿಕೆ, ಮೂರನೇ ವರ್ಷ ಮಾಡೆಲ್ ಮತ್ತು ಸಿಮ್ಯುಲೇಶನ್. ಉಳಿದದ್ದು ಬರೆಯಲು, ತಿದ್ದಲು. ಗೈಡ್ ಎರಡನೇ ವರ್ಷದಲ್ಲಿ "ಕೋಡ್ ಎಲ್ಲಿ?" ಅಂತ ಕೇಳಿದರೆ ಐದನೇ ಹಂತದ ಕಾಗದ ಮತ್ತು ಮೂರು ನಿಲ್ದಾಣದ ಪುಟ್ಟ ಮಾಡೆಲ್ ತೋರಿಸಿ. ಮಾತು ಅಲ್ಲಿಗೆ ನಿಲ್ಲುತ್ತದೆ.

## ಕೆಂಪು ದೀಪಗಳು

ಎಲ್ಲ ಕಾರೂ ದಿನಕ್ಕೆ ಇಪ್ಪತ್ತು ಗಂಟೆ ಓಡುತ್ತಿವೆ ಎಂದು ಫಲಿತಾಂಶ ಬಂದರೆ ಬೇಡಿಕೆ ಉಬ್ಬಿದೆ, ಹಂತ 4ಕ್ಕೆ ಹೋಗಿ.

ನಿಲ್ದಾಣಗಳೆಲ್ಲ ವಲಯದ ಗಡಿಯ ಮೇಲೇ ಕೂತರೆ, ಅಥವಾ ಹೊಳೆಯ ಎರಡೂ ದಡಕ್ಕೆ ಒಂದೇ ನಿಲ್ದಾಣ ಸಾಕು ಅಂದರೆ, ಹಂತ 3.

ಬಾಡಿಗೆ ದರ ಏರಿಸಿದಾಗ ಬೇಡಿಕೆಯೂ ಏರಿದರೆ ಲಾಜಿಟ್‌ನಲ್ಲಿ ಬೆಲೆಯ ಗುಣಾಂಕದ ಚಿಹ್ನೆ ತಿರುಗಿದೆ. ಸಮೀಕ್ಷೆಯ ಮಾದರಿ ಚಿಕ್ಕದಾದರೂ ಹೀಗಾಗುತ್ತದೆ, ಚೀಟಿಯಲ್ಲಿ ಬೆಲೆ ಮತ್ತು ವೇಗ ಯಾವಾಗಲೂ ಒಟ್ಟಿಗೇ ಏರಿದ್ದರೂ ಹೀಗಾಗುತ್ತದೆ.

ನಿಮ್ಮ ಪ್ರಶ್ನೆಯನ್ನು ಮನೆಯಲ್ಲಿ ಅಮ್ಮನಿಗೆ ಎರಡು ವಾಕ್ಯದಲ್ಲಿ ಹೇಳಲು ಆಗುತ್ತಿಲ್ಲ ಎಂದರೆ ಹಂತ 2ರ ವಾಕ್ಯ ಇನ್ನೂ ಬರೆದಿಲ್ಲ.

ಕೊನೆಯದು, ಜೂನ್ ಬರುವ ಮೊದಲು: ಮೂಲ ದತ್ತಾಂಶದ ಪ್ರತಿಯನ್ನು ಎರಡು ಬೇರೆ ಕಟ್ಟಡಗಳಲ್ಲಿ ಇಡಿ. ಸಮೀಕ್ಷೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ, ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ, ಗೋಡೆಯಿಂದ ದೂರ ಇಡಿ. ನನ್ನ ಮೊದಲ ಸುತ್ತಿನ ನೂರಿಪ್ಪತ್ತು ಹಾಳೆ ಒಂದು ಮಳೆಗಾಲಕ್ಕೆ ಬೂಸ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡವು.